ಎಲ್ಲರ ಕಡೆಯೂ 1.0.0.0

ದೇವಲ ಗಾಣಗಾಪುರದಲ್ಲಿ ಹುಣ್ಣಿಮೆ ಹತ್ತಿರ ಬಂತೆಂದರೆ ಕೋಣೆ ಸಿಗುವುದು ಕಷ್ಟ. ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ನಿರ್ಗುಣ ಪಾದುಕೆಗಳ ದರ್ಶನ ಪಡೆಯಲು ಸೊಲ್ಲಾಪುರ, ಪುಣೆ, ಹೈದರಾಬಾದಿನ ಕಡೆಯಿಂದ ಬರುವ ಯಾತ್ರಿಕರಿಗೆ ಹೊತ್ತುಗೊತ್ತಿಲ್ಲ. ಗಾಣಗಾಪುರ ರೋಡ್ ನಿಲ್ದಾಣದಲ್ಲಿ ರೈಲು ಇಳಿದು, ಸಿಕ್ಕ ಜೀಪು ಹತ್ತಿ ನಡುರಾತ್ರಿ ಬಂದು ಬಾಗಿಲು ತಟ್ಟುವವರೂ ಇದ್ದಾರೆ. ಅಂಥ ಹೊತ್ತಿನಲ್ಲಿ ಲಾಡ್ಜಿನ ಕೌಂಟರಿನಲ್ಲಿ ಕೂತ ಹುಡುಗನಿಗೆ ಬೇಕಾದದ್ದು ಒಂದೇ: ಬಿಲ್ಲು ತಪ್ಪಿಲ್ಲದೆ ಬರಬೇಕು.

ಈ ಬಿಲ್ಲಿನ ಲೆಕ್ಕ ಕಳೆದ ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಯಿತು. ದಿನಕ್ಕೆ ₹1000 ದಾಟದ ಕೋಣೆಗೆ 2022ರ ಜುಲೈ 17ರವರೆಗೆ ಜಿಎಸ್‌ಟಿ ಇರಲಿಲ್ಲ. ಜುಲೈ 18ರಿಂದ ಶೇ 12 ಬಿತ್ತು. ಧಾರ್ಮಿಕ ಸಂಸ್ಥೆಗಳು ತಮ್ಮ ಆವರಣದಲ್ಲಿ ಕೊಡುವ, ₹1000ಕ್ಕಿಂತ ಕಡಿಮೆ ಬಾಡಿಗೆಯ ಕೋಣೆಗಳಿಗೆ ಮಾತ್ರ ವಿನಾಯಿತಿ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಿಂದ ₹7500ರವರೆಗಿನ ಉಳಿದ ಕೋಣೆಗಳಿಗೆಲ್ಲ ಶೇ 5 ಆಯಿತು. ವರ್ಷದ ವಹಿವಾಟು ₹20 ಲಕ್ಷ ದಾಟದ ಸಣ್ಣ ಲಾಡ್ಜುಗಳಿಗೆ ಈ ತಲೆಬಿಸಿ ಇಲ್ಲ. ಉಳಿದವರ ಕಂಪ್ಯೂಟರಿನಲ್ಲಿ ಇರುವ ಪ್ರೋಗ್ರಾಮನ್ನು ಎರಡೂ ಸಲ ಬದಲಿಸಲೇಬೇಕಾಯಿತು.

ಇಂಥ ಊರುಗಳಲ್ಲಿ ಬಿಲ್ಲಿನ ಸಾಫ್ಟ್‌ವೇರ್ ಹೆಚ್ಚಾಗಿ ದೊಡ್ಡ ಕಂಪನಿಯದಲ್ಲ. ಕಲಬುರಗಿಯಲ್ಲೋ ಅಫಜಲಪುರದಲ್ಲೋ ಇರುವ ಒಬ್ಬ ಹುಡುಗ ಸಿ ಶಾರ್ಪ್‌ನಲ್ಲಿ ಬರೆದು, ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಟ್ಟದ್ದು. ಒಂದು ಲಾಡ್ಜಿಗೆ ಹಾಕಿದ್ದನ್ನೇ ಪಕ್ಕದವರೂ ಕೇಳುತ್ತಾರೆ, ಅವರಿಗಾಗಿ ಅಲ್ಲಷ್ಟು ಇಲ್ಲಷ್ಟು ಬದಲಾವಣೆ ಆಗುತ್ತದೆ. ತೆರಿಗೆ ಬದಲಾದ ದಿನ ಆ ಹುಡುಗನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ಆಗಿನ ಮಾತುಕತೆ ಸುಮಾರಾಗಿ ಹೀಗಿರುತ್ತದೆ:

"ಸರ್, ಬಿಲ್ಲಿನಾಗ ಇನ್ನೂ ಹನ್ನೆರಡ ಪರ್ಸೆಂಟೇ ಬರ್ಲಾಕತ್ತದ ನೋಡ್ರಿ."

"ನಿಮ್ ಕಡಿ ಯಾವ ವರ್ಷನ್ ಅದನಪಾ?"

"ಒನ್ ಪಾಯಿಂಟ್ ಜೀರೋ ಅಂತ ತೋರಸ್ತದ್ರಿ."

"ಬಾಜೂ ಲಾಡ್ಜಿನಾಗ?"

"ಅಲ್ಲೀನೂ ಅದೇ ಅದರಿ. ಆದ್ರ ಅವರಿಗಿ ಐದೇ ಬರ್ತದ."

ಎರಡೂ ಕಡೆ ನಂಬರ್ ಒಂದೇ, ಒಳಗಿರುವ ಪ್ರೋಗ್ರಾಂ ಮಾತ್ರ ಬೇರೆ ಬೇರೆ. ಹೀಗಾದರೆ ಫೋನಿನಲ್ಲಿ ಬಗೆಹರಿಯುವ ಕೆಲಸವೂ ಬಗೆಹರಿಯುವುದಿಲ್ಲ. ಬೈಕ್ ಹತ್ತಿ ಗಾಣಗಾಪುರಕ್ಕೆ ಹೋಗಿ, ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ಫೈಲಿನ ತಾರೀಖು ನೋಡಿ ಊಹೆ ಮಾಡಬೇಕು. ಪೆನ್‌ಡ್ರೈವ್, ವಾಟ್ಸ್‌ಆ್ಯಪ್ ದಾಟಿ ಬಂದ ಫೈಲಿನ ತಾರೀಖನ್ನಂತೂ ನಂಬುವ ಹಾಗಿಲ್ಲ.

ಈ 1.0.0.0 ಎಲ್ಲಿಂದ ಬಂತು ಎಂದು ನೋಡೋಣ. ವಿಂಡೋಸ್‌ನಲ್ಲಿ ಆ ಪ್ರೋಗ್ರಾಮಿನ ಇಎಕ್ಸ್‌ಇ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಎಂಬ ಪುಟಕ್ಕೆ ಹೋಗಿ. ಹಳೆಯ ವಿಷುಯಲ್ ಸ್ಟುಡಿಯೊ ಟೆಂಪ್ಲೇಟಿನಲ್ಲಿ ಮಾಡಿದ್ದಾದರೆ ಬಹಳ ಸಲ ಅಲ್ಲಿ ಕಾಣುವುದು ಇದು: ಫೈಲ್ ಡಿಸ್ಕ್ರಿಪ್ಶನ್ ಎಂಬಲ್ಲಿ 'ವಿಂಡೋಸ್‌ಫಾರ್ಮ್ಸ್‌ಆ್ಯಪ್1', ಫೈಲ್ ವರ್ಷನ್ 1.0.0.0, ಪ್ರಾಡಕ್ಟ್ ವರ್ಷನ್ 1.0.0.0, ಕಾಪಿರೈಟ್ ಎಂಬಲ್ಲಿ ಲ್ಯಾಪ್‌ಟಾಪ್ ಮಾಡಿದ ಕಂಪನಿಯ ಹೆಸರು. ಆ ಕಂಪನಿಗೂ ಲಾಡ್ಜಿನ ಬಿಲ್ಲಿಗೂ ಏನು ಸಂಬಂಧ? ವಿಂಡೋಸ್ ನೋಂದಣಿಯಾದಾಗ ಸಂಸ್ಥೆಯ ಹೆಸರು ಎಂದು ಏನು ದಾಖಲಾಗಿರುತ್ತದೋ ಅದನ್ನು ಟೆಂಪ್ಲೇಟು ಎತ್ತಿಕೊಂಡು ಕಾಪಿರೈಟ್ ಸಾಲಿನಲ್ಲಿ ತುಂಬುತ್ತಿತ್ತು. ಯಾರೂ ತಿದ್ದದಿದ್ದರೆ ಅದೇ ಉಳಿಯುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಬರೆದ ಹುಡುಗನ ಹೆಸರು ಅವನದೇ ಫೈಲಿನಲ್ಲಿ ಎಲ್ಲೂ ಇರುವುದಿಲ್ಲ. ನನಗಿದು ನಿಜಕ್ಕೂ ನೋವಿನ ಸಂಗತಿ. ಕಾಲೇಜಿನ ಲ್ಯಾಬಿನಲ್ಲಿ ಪ್ರೋಗ್ರಾಂ ರನ್ ಆಗಿ ಔಟ್‌ಪುಟ್ ಬಂದರೆ ಮಾರ್ಕ್ಸ್ ಸಿಗುತ್ತದೆ. ಅದನ್ನು ಇನ್ನೊಬ್ಬರ ಕೈಗೆ ಕೊಡುವಾಗ ಏನೇನು ಬರೆದು ಕೊಡಬೇಕು ಎಂಬುದನ್ನು ಹೇಳಿಕೊಡುವವರು ಕಡಿಮೆ.

ಸಿ ಶಾರ್ಪ್‌ನಲ್ಲಿ ಬರೆದದ್ದು ಕಂಪೈಲ್ ಆಗಿ ಹೊರಬರುವ ಇಎಕ್ಸ್‌ಇ ಅಥವಾ ಡಿಎಲ್‌ಎಲ್ ಫೈಲಿಗೆ ಡಾಟ್ ನೆಟ್ ಜಗತ್ತಿನಲ್ಲಿ ಅಸೆಂಬ್ಲಿ ಎನ್ನುತ್ತಾರೆ. 2002ರಲ್ಲಿ ಡಾಟ್ ನೆಟ್ ಬಂದಾಗಿನಿಂದ ಪ್ರತಿ ಅಸೆಂಬ್ಲಿಯೂ ತನ್ನ ಹೆಸರು, ಆವೃತ್ತಿ, ಭಾಷೆ, ಮಾಡಿದವರ ವಿವರ ಎಲ್ಲವನ್ನೂ ಒಡಲಲ್ಲೇ ಇಟ್ಟುಕೊಂಡು ಓಡಾಡುತ್ತದೆ. ಈ ವಿವರಗಳಿಗೇ ಮೆಟಾಡೇಟಾ ಎಂದು ಹೆಸರು. ಇದರಲ್ಲಿ ಆವೃತ್ತಿಗೆಂದು ಮೂರು ಬೇರೆ ಬೇರೆ ಜಾಗಗಳಿವೆ. ಹೊಸಬರು ಎಡವುವುದು ಇಲ್ಲಿಯೇ.

ಮೊದಲನೆಯದು ಅಸೆಂಬ್ಲಿ ವರ್ಷನ್. ಇದನ್ನು ಓದುವುದು ಮನುಷ್ಯರಲ್ಲ, ಪ್ರೋಗ್ರಾಮನ್ನು ಮೆಮೊರಿಗೆ ಎತ್ತಿಕೊಳ್ಳುವ ಲೋಡರ್. ಎರಡನೆಯದು ಫೈಲ್ ವರ್ಷನ್. ಇದು ವಿಂಡೋಸ್‌ಗೆ, ಇನ್‌ಸ್ಟಾಲರಿಗೆ, ಪ್ರಾಪರ್ಟೀಸ್ ತೆರೆದು ನೋಡುವ ತಂತ್ರಜ್ಞನಿಗೆ. ಮೂರನೆಯದು ಇನ್ಫರ್ಮೇಶನಲ್ ವರ್ಷನ್. ಪ್ರಾಡಕ್ಟ್ ವರ್ಷನ್ ಎಂದು ಕಾಣಿಸುವುದು ಇದೇ. ಇದರಲ್ಲಿ ಬರೀ ಅಂಕಿ ಇರಬೇಕೆಂಬ ಕಟ್ಟಿಲ್ಲ, ಯಾವ ಪದ ಬೇಕಾದರೂ ಬರೆಯಬಹುದು. ಉಳಿದೆರಡನ್ನು ಬಿಟ್ಟು ಅಸೆಂಬ್ಲಿ ವರ್ಷನ್ ಒಂದನ್ನೇ ಕೊಟ್ಟರೆ ಮೂರೂ ಕಡೆ ಅದೇ ಬಂದು ಕೂರುತ್ತದೆ. ಆಗ ಯಂತ್ರಕ್ಕೆ ಹೇಳಬೇಕಾದದ್ದೂ ಮನುಷ್ಯರಿಗೆ ಹೇಳಬೇಕಾದದ್ದೂ ಒಂದಕ್ಕೊಂದು ಗಂಟು ಬೀಳುತ್ತವೆ.

ಹೊರಗಿನ ನಂಬರ್ ಬೇರೆ, ಒಳಗಿನ ನಂಬರ್ ಬೇರೆ ಎನ್ನುವುದು ವಿಚಿತ್ರವೇನಲ್ಲ. ನಮ್ಮ ಸರ್ಕಾರಿ ಕಚೇರಿಗಳಲ್ಲೇ ಖಜಾನೆ-2, ಪಂಚತಂತ್ರ 2.0, ಉಪನೋಂದಣಿ ಕಚೇರಿಯ ಕಾವೇರಿ 2.0 ಎಂಬ ಹೆಸರುಗಳನ್ನು ದಿನವೂ ಕೇಳುತ್ತೇವೆ. ಅಲ್ಲಿನ 2 ಎಂಬುದು ಬೋರ್ಡಿನ ಮೇಲಿನ ಅಂಕಿ. ಒಳಗಿನ ಫೈಲುಗಳು ತಿದ್ದುಪಡಿಯಾದ ಹಾಗೆಲ್ಲ ಬೋರ್ಡು ಬದಲಾಗುವುದಿಲ್ಲ. ಮೈಕ್ರೋಸಾಫ್ಟ್ ಕೂಡ ವಿಂಡೋಸ್ 7 ಎಂದು ಮಾರಿದ್ದರ ಒಳಗಿನ ನಂಬರ್ 6.1. ಮುಖ್ಯ ಅಂಕಿ 6 ಇದೆಯೇ ಎಂದು ನೋಡಿ ಓಡುತ್ತಿದ್ದ ಹಳೆಯ ಪ್ರೋಗ್ರಾಮುಗಳು ಕೆಡಬಾರದೆಂದು ಹಾಗೆ ಇಟ್ಟರು. ಇವತ್ತಿನ ವಿಂಡೋಸ್ 11 ಒಳಗೊಳಗೆ ಇನ್ನೂ 10.0; ಮುಂದಿನ ಬಿಲ್ಡ್ ನಂಬರ್ 22000 ಮತ್ತು ಮೇಲೆ ಇದ್ದರೆ 11 ಎಂದು ಅರ್ಥ. ಪೆಟ್ಟಿಗೆಯ ಮೇಲಿನ ಹೆಸರನ್ನು ನಂಬಿ ಪ್ರೋಗ್ರಾಂ ಬರೆದವರು ಕೈ ಸುಟ್ಟುಕೊಂಡಿದ್ದಾರೆ.

ಈಗ ಲೋಡರ್ ವಿಷಯ. ಲಾಡ್ಜಿನ ಪ್ರೋಗ್ರಾಂ ರಸೀದಿ ಮುದ್ರಿಸಲು ಬೇರೆಯವರ ಒಂದು ಡಿಎಲ್‌ಎಲ್ ಬಳಸುತ್ತದೆ, ಅದಕ್ಕೆ ಸ್ಟ್ರಾಂಗ್ ನೇಮ್ ಎಂಬ ಡಿಜಿಟಲ್ ಗುರುತು ಇದೆ, ಕಂಪೈಲ್ ಮಾಡುವಾಗ ಅದರ ಆವೃತ್ತಿ 2.0.0.0 ಇತ್ತು ಎಂದುಕೊಳ್ಳಿ. ಯಾರೋ ಹೊಸ ಪ್ರಿಂಟರಿಗೆಂದು 2.1.0.0 ತಂದು ಅದೇ ಫೋಲ್ಡರಿಗೆ ಹಾಕುತ್ತಾರೆ. ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್ ಇದನ್ನು ಒಪ್ಪುವುದಿಲ್ಲ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಎರಡರ ವಿವರ ತಾಳೆಯಾಗುತ್ತಿಲ್ಲ ಎಂಬ ಉದ್ದನೆಯ ದೋಷ ಸಂದೇಶ ಹಾಕಿ ನಿಂತುಬಿಡುತ್ತದೆ. ಅದಕ್ಕೆ ಕಾನ್ಫಿಗ್ ಫೈಲಿನಲ್ಲಿ, 2.0 ಕೇಳಿದರೂ 2.1 ಕೊಡು ಎಂದು ಬೈಂಡಿಂಗ್ ರಿಡೈರೆಕ್ಟ್ ಬರೆಯಬೇಕು. ಡಾಟ್ ನೆಟ್ ಕೋರ್ ಬಂದ ಮೇಲೆ ಈ ಬಿಗಿ ಸಡಿಲವಾಗಿದೆ: ಕೇಳಿದ್ದಕ್ಕಿಂತ ಮೇಲಿನ ಆವೃತ್ತಿ ಸಿಕ್ಕರೆ ತೆಗೆದುಕೊಳ್ಳುತ್ತದೆ, ಕೆಳಗಿನದಾದರೆ ಒಲ್ಲೆ ಎನ್ನುತ್ತದೆ.

ಹಾಗಾಗಿಯೇ ಬೇರೆಯವರು ಬಳಸುವ ಲೈಬ್ರರಿ ಬರೆಯುವವರು ಅಸೆಂಬ್ಲಿ ವರ್ಷನ್ ಅನ್ನು ಪದೇ ಪದೇ ಅಲುಗಾಡಿಸುವುದಿಲ್ಲ. ಜೇಸನ್ ಎಂಬ ರೂಪದ ಡೇಟಾ ಓದಲು ಬರೆಯಲು ಜಗತ್ತಿನ ಲೆಕ್ಕವಿಲ್ಲದಷ್ಟು ಪ್ರೋಗ್ರಾಮುಗಳು ನಂಬಿರುವ ನ್ಯೂಟನ್‌ಸಾಫ್ಟ್ ಲೈಬ್ರರಿಯ 13.0.1, 13.0.3 ಎರಡರಲ್ಲೂ ಅಸೆಂಬ್ಲಿ ವರ್ಷನ್ 13.0.0.0 ಆಗಿಯೇ ಇದೆ. ಒಳಗೆ ಏನು ತಿದ್ದಿದ್ದಾರೆಂಬುದು ಫೈಲ್ ವರ್ಷನ್‌ನಲ್ಲಿ ಗೊತ್ತಾಗುತ್ತದೆ. ಲಾಡ್ಜಿಗೆ ಬರೆದುಕೊಡುವ ಹುಡುಗ ಬರೀ ಒಂದು ಇಎಕ್ಸ್‌ಇ ಕೊಡುವವನಾದರೆ ಈ ಚಿಂತೆ ಅಷ್ಟಾಗಿ ಬೇಕಿಲ್ಲ. ಬಿಲ್ಲಿಗೆ ಒಂದು, ಕೋಣೆಗಳ ಲೆಕ್ಕಕ್ಕೆ ಒಂದು ಎಂದು ಎರಡು ಪ್ರೋಗ್ರಾಂ ಮಾಡಿ, ಎರಡಕ್ಕೂ ಒಂದೇ ಡಿಎಲ್‌ಎಲ್ ಹಂಚಿದ ದಿನದಿಂದ ಬೇಕಾಗುತ್ತದೆ.

ಇನ್ನೊಂದು ಪೆಟ್ಟು ಯಾರೂ ಎಣಿಸದ ಕಡೆಯಿಂದ ಬೀಳುತ್ತದೆ. ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್‌ನಲ್ಲಿ ಬಳಕೆದಾರರ ಸೆಟ್ಟಿಂಗ್ಸ್, ಅಂದರೆ ಯಾವ ಪ್ರಿಂಟರ್, ಯಾವ ಅಳತೆಯ ಕಾಗದ, ಬಿಲ್ಲಿನ ಮೇಲೆ ಯಾವ ಹೆಸರು ಎಂಬುದೆಲ್ಲ, ಒಂದು ಫೋಲ್ಡರಿನಲ್ಲಿ ಉಳಿಯುತ್ತದೆ. ಆ ಫೋಲ್ಡರಿನ ದಾರಿಯಲ್ಲಿ ಕಂಪನಿಯ ಹೆಸರೂ ಅಸೆಂಬ್ಲಿ ವರ್ಷನ್ನೂ ಸೇರಿರುತ್ತವೆ. ಆವೃತ್ತಿಯನ್ನು 1.0ರಿಂದ 1.1ಕ್ಕೆ ಏರಿಸಿದಿರೋ, ಪ್ರೋಗ್ರಾಂ ಹೊಸ ಫೋಲ್ಡರ್ ತೆರೆಯುತ್ತದೆ, ಹಳೆಯ ಸೆಟ್ಟಿಂಗ್ಸ್ ಹಳೆಯ ಫೋಲ್ಡರಿನಲ್ಲೇ ಉಳಿದುಹೋಗುತ್ತದೆ. ಹುಣ್ಣಿಮೆಯ ಸಂಜೆ ಕೌಂಟರಿನ ಮುಂದೆ ಇಪ್ಪತ್ತು ಜನ ನಿಂತಿರುವಾಗ ಪ್ರಿಂಟರ್ ಸಿಗುತ್ತಿಲ್ಲ ಎಂದು ಬಂದರೆ, ಹೊಸ ವರ್ಷನ್ ಹಾಕಿದ್ದೇ ತಪ್ಪಾಯಿತು ಎಂದು ಮಾಲೀಕರಿಗೆ ಅನಿಸದೆ ಇರುತ್ತದೆಯೇ? ಇದಕ್ಕೆ ಅಪ್‌ಗ್ರೇಡ್ ಎಂಬ ಸಿದ್ಧ ಮೆಥಡ್ ಇದೆ. ಹೊಸ ಆವೃತ್ತಿ ಮೊದಲ ಸಲ ಓಡುವಾಗ ಒಮ್ಮೆ ಕರೆದರೆ ಹಳೆಯದನ್ನೆಲ್ಲ ಎತ್ತಿಕೊಂಡು ಬರುತ್ತದೆ. ಆದರೆ ಕಂಪನಿಯ ಹೆಸರನ್ನೇ ಬದಲಿಸಿದರೆ ಅದಕ್ಕೂ ದಾರಿ ಸಿಗುವುದಿಲ್ಲ. ಆದ್ದರಿಂದ ಆ ಹೆಸರನ್ನು ಮೊದಲ ದಿನವೇ ಸರಿಯಾಗಿ ಬರೆದುಬಿಡಬೇಕು. ಮೆಟಾಡೇಟಾ ಎಂದರೆ ಬರೀ ಅಲಂಕಾರ ಎಂದುಕೊಂಡವರಿಗೆ ನಾನು ಕೊಡುವ ಉದಾಹರಣೆ ಇದು.

ನಾಲ್ಕು ಅಂಕಿಗಳ ಲೆಕ್ಕಕ್ಕೆ ಬರೋಣ. ಮೇಜರ್, ಮೈನರ್, ಬಿಲ್ಡ್, ರಿವಿಷನ್ ಎಂದು ಅವುಗಳ ಹೆಸರು. ಒಂದೊಂದೂ 16 ಬಿಟ್‌ನದು, ಹಾಗಾಗಿ 65535 ದಾಟುವಂತಿಲ್ಲ. ಅಸೆಂಬ್ಲಿ ವರ್ಷನ್‌ನಲ್ಲಂತೂ 65534ಕ್ಕೇ ನಿಲ್ಲಬೇಕು. ಬಿಲ್ಡ್ ಜಾಗದಲ್ಲಿ ತಾರೀಖು ಹಾಕೋಣ ಎಂದು 20250922 ಬರೆದರೆ ಕಂಪೈಲರ್ ತಕರಾರು ತೆಗೆಯುವುದು ಇದಕ್ಕೇ. ತಾರೀಖೇ ಬೇಕೆಂದಿದ್ದರೆ ವರ್ಷದ ಕೊನೆಯ ಎರಡಂಕಿ, ಅದರ ಮುಂದೆ ಆ ವರ್ಷದ ಎಷ್ಟನೇ ದಿನ ಎಂಬುದನ್ನು ಬರೆಯಿರಿ. 2025ರ ಸೆಪ್ಟೆಂಬರ್ 22 ಆ ವರ್ಷದ 265ನೇ ದಿನ, ಆದ್ದರಿಂದ 25265. ಈ ಲೆಕ್ಕ 2065ರ ಕೊನೆಯವರೆಗೂ ಮಿತಿಯೊಳಗೇ ಇರುತ್ತದೆ.

ಬಹಳ ಜನ ಹಿಡಿಯುವ ಸುಲಭದ ದಾರಿ ನಕ್ಷತ್ರದ ಗುರುತು. ಆವೃತ್ತಿಯ ಜಾಗದಲ್ಲಿ 1.0.* ಎಂದು ಬರೆದರೆ ಉಳಿದೆರಡು ಅಂಕಿಗಳನ್ನು ಕಂಪೈಲರ್ ತಾನೇ ತುಂಬುತ್ತದೆ. ಬಿಲ್ಡ್ ಜಾಗಕ್ಕೆ 2000ದ ಜನವರಿ 1ರಿಂದ ಇವತ್ತಿಗೆ ಎಷ್ಟು ದಿನವಾಯಿತು ಎಂಬುದು ಬರುತ್ತದೆ, ರಿವಿಷನ್ ಜಾಗಕ್ಕೆ ನಡುರಾತ್ರಿಯಿಂದ ಕಳೆದ ಸೆಕೆಂಡುಗಳ ಅರ್ಧ. ತೆರಿಗೆ ಬದಲಾದ ಸೆಪ್ಟೆಂಬರ್ 22ರ ಬೆಳಗ್ಗೆ ಸರಿಯಾಗಿ 10 ಗಂಟೆಗೆ ಕಂಪೈಲ್ ಮಾಡಿದ್ದರೆ 1.0.9396.18000 ಎಂದು ಬರುತ್ತಿತ್ತು. ನೋಡಲು ಚೆಂದ, ಒಂದರಂತೆ ಇನ್ನೊಂದು ಬರುವುದಿಲ್ಲ ನಿಜ. ಆದರೂ ನಾನು ಇದನ್ನು ಬೇಡ ಎನ್ನುತ್ತೇನೆ. ಏನನ್ನೂ ತಿದ್ದದೆ ಸುಮ್ಮನೆ ಇನ್ನೊಮ್ಮೆ ಕಂಪೈಲ್ ಮಾಡಿದರೂ ನಂಬರ್ ಬದಲಾಗುತ್ತದೆ, ಮೇಲೆ ಹೇಳಿದ ಸೆಟ್ಟಿಂಗ್ಸ್ ಪ್ರತಿ ಸಲವೂ ಹಿಂದೆ ಉಳಿಯುತ್ತದೆ. ಜೊತೆಗೆ, ಒಂದೇ ಸೋರ್ಸ್ ಕೊಟ್ಟರೆ ಬೈಟ್‌ಗೆ ಬೈಟ್ ಒಂದೇ ಫೈಲ್ ಬರಬೇಕೆಂಬ ಹೊಸ ಪದ್ಧತಿಗೆ ಇದು ಒಗ್ಗುವುದಿಲ್ಲ. ಈಗಿನ ಪ್ರಾಜೆಕ್ಟುಗಳಲ್ಲಿ ನಕ್ಷತ್ರ ಬರೆದರೆ ಕಂಪೈಲರೇ ದೋಷ ತೋರಿಸಿ ನಿಲ್ಲುತ್ತದೆ.

ಹಾಗಾದರೆ ನಂಬರ್ ಬರೆಯುವುದೆಲ್ಲಿ? ಹಳೆಯ ಪ್ರಾಜೆಕ್ಟುಗಳಲ್ಲಿ ಅಸೆಂಬ್ಲಿಇನ್ಫೊ ಎಂಬ ಪ್ರತ್ಯೇಕ ಫೈಲ್ ಇರುತ್ತಿತ್ತು. ಒಂದು ಸಾಫ್ಟ್‌ವೇರಿನಲ್ಲಿ ಐದು ಪ್ರಾಜೆಕ್ಟ್ ಇದ್ದರೆ ಐದು ಫೈಲ್. ನಾಲ್ಕರಲ್ಲಿ ತಿದ್ದಿ ಐದನೆಯದನ್ನು ಮರೆಯುವುದು ಮಾಮೂಲು. 2017ರ ನಂತರದ ಹೊಸ ಮಾದರಿಯಲ್ಲಿ ಈ ವಿವರಗಳೆಲ್ಲ ಸಿಎಸ್‌ಪ್ರೋಜ್ ಎಂಬ ಪ್ರಾಜೆಕ್ಟ್ ಫೈಲಿಗೇ ಬಂದಿವೆ, ಅಸೆಂಬ್ಲಿಇನ್ಫೊ ತಂತಾನೇ ಹುಟ್ಟಿಕೊಳ್ಳುತ್ತದೆ. ಹಳೆಯ ಪ್ರಾಜೆಕ್ಟನ್ನು ಹೊಸ ಮಾದರಿಗೆ ತಂದವರಿಗೆ ಮೊದಲು ಎದುರಾಗುವ ದೋಷ, ಒಂದೇ ಆಟ್ರಿಬ್ಯೂಟ್ ಎರಡು ಸಲ ಬಂದಿದೆ ಎಂಬುದು. ಕೈಯಲ್ಲಿ ಬರೆದ ಹಳೆಯದೂ ತಾನೇ ಹುಟ್ಟಿದ ಹೊಸದೂ ಡಿಕ್ಕಿ ಹೊಡೆದಿರುತ್ತವೆ. ಹಳೆಯ ಫೈಲಿನಿಂದ ಆ ಸಾಲುಗಳನ್ನು ಅಳಿಸಿದರೆ ಸರಿಹೋಗುತ್ತದೆ.

ಇದಕ್ಕಿಂತ ಒಳ್ಳೆಯ ಅನುಕೂಲ ಒಂದಿದೆ. ಎಲ್ಲ ಪ್ರಾಜೆಕ್ಟುಗಳ ಮೇಲಿನ ಫೋಲ್ಡರಿನಲ್ಲಿ 'ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್' ಎಂಬ ಹೆಸರಿನ ಒಂದು ಫೈಲ್ ಇಟ್ಟು, ಅದರಲ್ಲಿ ಆವೃತ್ತಿ, ಕಂಪನಿ, ಪ್ರಾಡಕ್ಟಿನ ಹೆಸರು, ಕಾಪಿರೈಟ್ ಬರೆದರೆ ಕೆಳಗಿರುವ ಅಷ್ಟೂ ಪ್ರಾಜೆಕ್ಟುಗಳು ಅದನ್ನೇ ಓದಿಕೊಳ್ಳುತ್ತವೆ. ತಿದ್ದುವ ಜಾಗ ಒಂದೇ ಆಯಿತು. ಇದರ ಮೇಲೆ, ಸೋರ್ಸಿನ ಪ್ರತಿ ಬದಲಾವಣೆಯನ್ನೂ ಕಮಿಟ್ ಎಂದು ದಾಖಲಿಸುವ ಗಿಟ್ ಬಳಸುವ ಅಭ್ಯಾಸವೂ ಇದ್ದರೆ ಡಾಟ್ ನೆಟ್ 8ರಿಂದ ಈಚೆಗೆ ಇನ್ನೊಂದು ಉಪಕಾರ ಆಗಿದೆ. ಇನ್ಫರ್ಮೇಶನಲ್ ವರ್ಷನ್‌ನ ಕೊನೆಗೆ ಒಂದು ಕೂಡಿಸುವ ಚಿಹ್ನೆ ಹಾಕಿ, ಆ ಕ್ಷಣದ ಕಮಿಟ್‌ನ ಗುರುತನ್ನು ಎಸ್‌ಡಿಕೆ ತಾನಾಗಿಯೇ ಅಂಟಿಸುತ್ತದೆ. ಲಾಡ್ಜಿನವರು ಆ ಸಾಲಿನ ಫೋಟೊ ತೆಗೆದು ಕಳಿಸಿದರೆ ಸಾಕು, ಯಾವ ಸೋರ್ಸಿನಿಂದ ಆ ಫೈಲ್ ಹುಟ್ಟಿತೆಂದು ಕಲಬುರಗಿಯಲ್ಲಿ ಕೂತೇ ಹೇಳಬಹುದು.

ಇಷ್ಟೆಲ್ಲ ಸೌಕರ್ಯಗಳಿಗಿಂತ ಮುಖ್ಯವಾದ ಒಂದು ಕಟ್ಟುಪಾಡಿದೆ. ಟಾಮ್ ಪ್ರೆಸ್ಟನ್-ವರ್ನರ್ ರೂಪಿಸಿದ ಸೆಮ್ಯಾಂಟಿಕ್ ವರ್ಷನಿಂಗ್ ಎಂಬ ನಿಯಮಾವಳಿಯ 2.0.0 ಆವೃತ್ತಿ 2013ರಲ್ಲಿ ಬಂತು. ಹಳೆಯದಕ್ಕೆ ಹೊಂದದ ಬದಲಾವಣೆಯಾದರೆ ಮೊದಲ ಅಂಕಿ, ಹೊಸ ಸೌಲಭ್ಯ ಸೇರಿದರೆ ಎರಡನೆಯದು, ಬರೀ ತಿದ್ದುಪಡಿಯಾದರೆ ಮೂರನೆಯದು ಏರಬೇಕು ಎಂಬ ಭಾಗ ಎಲ್ಲರಿಗೂ ಗೊತ್ತು. ಒಮ್ಮೆ ಹೊರಗೆ ಕೊಟ್ಟ ನಂಬರಿನ ಒಳಗಿರುವುದನ್ನು ಮತ್ತೆ ಮುಟ್ಟಬಾರದು ಎಂಬ ಇನ್ನೊಂದು ನಿಯಮ ಅದರಲ್ಲೇ ಇದೆ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾದದ್ದಿಲ್ಲ, ಹೊಲದ ಲೆಕ್ಕದಲ್ಲಿ ಅದನ್ನು ಪಾಲಿಸಿಕೊಂಡೇ ಬಂದಿದ್ದಾರೆ. ಸರ್ವೆ ನಂಬರ್ 45 ಪೋಡಿಯಾದರೆ 45/1, 45/2 ಎಂದು ಹಿಸ್ಸಾ ಬೀಳುತ್ತವೆ. 45/1 ಎಂದು ಒಬ್ಬರಿಗೆ ಬರೆದುಕೊಟ್ಟ ಮೇಲೆ ಅದೇ ನಂಬರನ್ನು ಬೇರೆ ತುಂಡಿಗೆ ಕೊಟ್ಟರೆ ಊರೇ ಎದ್ದು ನಿಲ್ಲುತ್ತದೆ. ಮಾಲೀಕರು ಬದಲಾದರೆ ಮ್ಯುಟೇಶನ್ ಆಗಿ ಅದರ ಸಂಖ್ಯೆ ಪಹಣಿಯಲ್ಲಿ ಬರುತ್ತದೆ. ಯಾವಾಗ, ಹೇಗೆ ಬದಲಾಯಿತೆಂದು ಹಿಂದಕ್ಕೆ ಹುಡುಕಬಹುದು. ಅದೇ ಮನೆಯ ಹುಡುಗ ಸಾಫ್ಟ್‌ವೇರ್ ಬರೆದಾಗ ಮಾತ್ರ ಫೋಲ್ಡರಿಗೆ 'ಫೈನಲ್', 'ಫೈನಲ್ ಹೊಸದು', 'ಫೈನಲ್ ಹೊಸದು 2' ಎಂದು ಹೆಸರಿಟ್ಟು, ಒಳಗೆ ಎಲ್ಲದಕ್ಕೂ 1.0.0.0 ಬಿಡುತ್ತಾನೆ. ಸಣ್ಣ ತಿದ್ದುಪಡಿ, ನಂಬರ್ ಏರಿಸುವುದೇಕೆ ಎಂಬ ಸಂಕೋಚ ಬೇಡ. ಅಂಕಿಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಒಂದು ಅಕ್ಷರ ತಿದ್ದಿ ಕೊಟ್ಟರೂ ನಂಬರ್ ಏರಲಿ.

ಕನ್ನಡದವರಿಗೆ ಬೇರೆಯಾಗಿ ಹೇಳಬೇಕಾದ ಮಾತೊಂದಿದೆ. ಮೆಟಾಡೇಟಾದಲ್ಲಿ ಕಲ್ಚರ್ ಎಂಬ ಸಾಲು ಕಂಡ ಕೂಡಲೇ, ನಮ್ಮದು ಕನ್ನಡದ ಸಾಫ್ಟ್‌ವೇರ್ ಎಂದು ಅಭಿಮಾನದಿಂದ 'ಕೆಎನ್-ಐಎನ್' ಎಂದು ತುಂಬುವವರಿದ್ದಾರೆ. ತುಂಬಿದರೆ ಇಎಕ್ಸ್‌ಇ ಕಂಪೈಲೇ ಆಗುವುದಿಲ್ಲ. ಆ ಸಾಲು ಇರುವುದು ಸ್ಯಾಟಲೈಟ್ ಅಸೆಂಬ್ಲಿಗಳಿಗೆ, ಅಂದರೆ ಒಂದೊಂದು ಭಾಷೆಯ ಪದಗಳನ್ನಷ್ಟೇ ಹೊತ್ತ ಪುಟ್ಟ ಡಿಎಲ್‌ಎಲ್‌ಗಳಿಗೆ. ಮುಖ್ಯ ಫೈಲಿನಲ್ಲಿ ಅದು ಖಾಲಿ ಇರಬೇಕು. ಈ ಪ್ರೋಗ್ರಾಮಿನ ಮೂಲ ಭಾಷೆ ಕನ್ನಡ ಎಂದು ಹೇಳಲು ನ್ಯೂಟ್ರಲ್ ರಿಸೋರ್ಸಸ್ ಲ್ಯಾಂಗ್ವೇಜ್ ಎಂಬ ಬೇರೆ ಆಟ್ರಿಬ್ಯೂಟ್ ಇದೆ, 'ಕೆಎನ್-ಐಎನ್' ಬರೆಯಬೇಕಾದದ್ದು ಅಲ್ಲಿ. ಇಂಗ್ಲಿಷನ್ನು ಮೂಲವಾಗಿಟ್ಟು ಕನ್ನಡವನ್ನು ಅನುವಾದವಾಗಿ ಸೇರಿಸುವುದೇ ಎಲ್ಲರಿಗೂ ರೂಢಿ. ಗಾಣಗಾಪುರದ ಲಾಡ್ಜಿಗೆ ಬರೆಯುವವರು ಕನ್ನಡವನ್ನೇ ಮೂಲವಾಗಿಟ್ಟು, ಬರುವ ಯಾತ್ರಿಕರಿಗೆಂದು ಮರಾಠಿ, ತೆಲುಗಿನ ಸ್ಯಾಟಲೈಟ್ ಫೈಲುಗಳನ್ನು ಜೋಡಿಸಲಿ ಎಂಬುದು ನನ್ನ ಆಸೆ. ತಾಂತ್ರಿಕವಾಗಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ.

ಅಲ್ಲಿಯೂ ಆವೃತ್ತಿ ಸಂಖ್ಯೆ ಕಾಲಿಗೆ ತೊಡರಿಕೊಳ್ಳುತ್ತದೆ. ಸ್ಟ್ರಾಂಗ್ ನೇಮ್ ಹಾಕಿದ ಪ್ರೋಗ್ರಾಂ ಆದರೆ ಭಾಷೆಯ ಫೈಲಿನ ಅಸೆಂಬ್ಲಿ ವರ್ಷನ್ ಮುಖ್ಯ ಫೈಲಿನದಕ್ಕೆ ತಾಳೆಯಾಗಬೇಕು. ಮುಖ್ಯದ್ದನ್ನು ಏರಿಸಿ, ಮರಾಠಿಯದನ್ನು ಹಳೆಯದೇ ಬಿಟ್ಟರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಪ್ರೋಗ್ರಾಂ ಮೌನವಾಗಿ ಮೂಲ ಭಾಷೆಗೆ ಮರಳುತ್ತದೆ, ಪುಣೆಯಿಂದ ಬಂದ ಅಜ್ಜಿಯ ಕೈಗೆ ಕನ್ನಡದ ಬಿಲ್ಲು ಸಿಗುತ್ತದೆ. ಇನ್ನು ಹೆಸರು, ವಿವರಣೆ, ಕಾಪಿರೈಟ್ ಇವನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆಯಬಹುದು. ಯುನಿಕೋಡ್‌ನಲ್ಲಿ ಬರೆದು, ಸೋರ್ಸ್ ಫೈಲನ್ನು ಯುಟಿಎಫ್-8 ಆಗಿ ಉಳಿಸಿದರೆ ಡೀಟೇಲ್ಸ್ ಪುಟದಲ್ಲಿ ಅಚ್ಚುಕಟ್ಟಾಗಿ ಕಾಣುತ್ತದೆ. ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಸಾಲನ್ನು ತಂದು ಅಂಟಿಸಿದರೆ ಮಾತ್ರ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಕಚೇರಿಗಳಲ್ಲಿ ಅಂಥ ಫೈಲುಗಳು ಇನ್ನೂ ಇರುವುದರಿಂದ ಈ ಎಚ್ಚರ ಬೇಕು.

ಮೊಬೈಲಿನಲ್ಲೂ ಕಥೆ ಇದೇ. ರೈತರೇ ತಮ್ಮ ಹೊಲದ ಫೋಟೊ ತೆಗೆದು ಸೇರಿಸುವ ಬೆಳೆ ಸಮೀಕ್ಷೆ ಆ್ಯಪ್ 2020ರ ಮುಂಗಾರಿನಲ್ಲಿ ನಮ್ಮ ರಾಜ್ಯದಲ್ಲಿ ಬಂತು. ಅಫಜಲಪುರದ ತೊಗರಿ ಹೊಲಗಳಲ್ಲಿ ನಿಂತು ಅದನ್ನು ಬಳಸಿದವರಿಗೆ ಹಳೆಯ ಆ್ಯಪ್, ಹೊಸ ಆ್ಯಪ್ ಎಂಬ ಗೊಂದಲ ಗೊತ್ತೇ ಇದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಎರಡು ನಂಬರ್: ವರ್ಷನ್ ಕೋಡ್ ಎಂಬ ಬರೀ ಪೂರ್ಣಾಂಕ, ವರ್ಷನ್ ನೇಮ್ ಎಂಬ ಕಣ್ಣಿಗೆ ಕಾಣುವ ಹೆಸರು. ಹೊಸದು ಯಾವುದೆಂದು ಫೋನು ತೀರ್ಮಾನಿಸುವುದು ಕೋಡ್ ನೋಡಿ. ಹೆಸರನ್ನು ಎಷ್ಟೇ ದೊಡ್ಡದಾಗಿ ಬರೆದರೂ ಕೋಡ್ ಏರಿಸದಿದ್ದರೆ ಪ್ಲೇ ಸ್ಟೋರ್ ತೆಗೆದುಕೊಳ್ಳುವುದಿಲ್ಲ. ಈ ಕಡ್ಡಾಯ ಡೆಸ್ಕ್‌ಟಾಪ್ ಪ್ರೋಗ್ರಾಮುಗಳಿಗೆ ಇಲ್ಲದಿರುವುದೇ ನಮ್ಮ ಕಷ್ಟಗಳ ಮೂಲ. ಅಲ್ಲಿ ಗೂಗಲ್ ಕಾಯುತ್ತದೆ, ಇಲ್ಲಿ ಬರೆಯುವವನೇ ಕಾಯಬೇಕು.

ನಂಬರಿನ ಈ ಕಷ್ಟ ದೊಡ್ಡವರಿಗೂ ತಪ್ಪಿದ್ದಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ಭಾರಿ ದೋಷ ಹೊರಬಿದ್ದಾಗ ಜಗತ್ತಿನ ಕಂಪನಿಗಳು ದಿನಗಟ್ಟಲೆ ಒದ್ದಾಡಿದ್ದು, ತಮ್ಮ ಯಾವ ಯಾವ ಸಾಫ್ಟ್‌ವೇರಿನಲ್ಲಿ ಅದರ ಯಾವ ಆವೃತ್ತಿ ಇದೆ ಎಂದು ಹುಡುಕುವುದಕ್ಕೆ. 2.15.0 ಹಾಕಿ ಎಂದರು, ಅದು ಸಾಲದೆಂದು 2.16.0, ಆಮೇಲೆ 2.17.0, ಕೊನೆಗೆ 2.17.1. ನಂಬರ್ ಸರಿಯಾಗಿ ಬರೆದಿಟ್ಟಿದ್ದವರು ಒಂದು ಹುಡುಕಾಟದಲ್ಲಿ ಕೆಲಸ ಮುಗಿಸಿದರು. ನಮ್ಮ ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ 2024ರ ಅಕ್ಟೋಬರ್‌ನಲ್ಲಿ, ಸಾಫ್ಟ್‌ವೇರಿನೊಳಗೆ ಏನೇನು ಭಾಗಗಳಿವೆ, ಅವುಗಳ ಆವೃತ್ತಿ ಯಾವುದು ಎಂಬ ಪಟ್ಟಿ ಇಡುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಸರ್ಕಾರಿ ಕಚೇರಿಗಳಿಗೆ ಸಾಫ್ಟ್‌ವೇರ್ ಕೊಡಬೇಕೆಂಬ ಆಸೆಯಿರುವ ನಮ್ಮ ಹುಡುಗರು ಇದನ್ನು ಈಗಲೇ ರೂಢಿಸಿಕೊಳ್ಳುವುದು ಒಳ್ಳೆಯದು. ಪಟ್ಟಿ ಮಾಡುವ ಉಪಕರಣಗಳು ಓದುವುದು ಇದೇ ಮೆಟಾಡೇಟಾವನ್ನು. ಅಲ್ಲಿ 'ವಿಂಡೋಸ್‌ಫಾರ್ಮ್ಸ್‌ಆ್ಯಪ್1, 1.0.0.0' ಎಂದಿದ್ದರೆ ಪಟ್ಟಿಯಲ್ಲೂ ಅದೇ ಬರುತ್ತದೆ.

ಒಂದು ದಿನ ಆ ಹುಡುಗನೂ ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೋಗುತ್ತಾನೆ. ಹೋಗಲಿ, ಹೋಗಬೇಕಾದದ್ದೇ. ಲಾಡ್ಜಿನಲ್ಲಿ ಉಳಿಯುವುದು ಆ ಇಎಕ್ಸ್‌ಇ ಒಂದೇ. ಮುಂದೆ ತೆರಿಗೆ ಮತ್ತೆ ಬದಲಾದಾಗ ಬರುವ ಇನ್ನೊಬ್ಬರಿಗೆ ಸೋರ್ಸ್ ಎಲ್ಲಿದೆ ಎಂದು ಹೇಳುವವರು ಯಾರು? ಡಾಟ್ ನೆಟ್‌ನಲ್ಲಿ ಅಸೆಂಬ್ಲಿ ಮೆಟಾಡೇಟಾ ಎಂಬ ಇನ್ನೊಂದು ಆಟ್ರಿಬ್ಯೂಟ್ ಇದೆ. ಹೆಸರು ಒಂದು, ಅದಕ್ಕೆ ಬೆಲೆ ಒಂದು ಎಂದು ಬೇಕಾದಷ್ಟು ಜೋಡಿ ಬರೆದಿಡಬಹುದು: ಸೋರ್ಸ್ ಇರುವ ರಿಪಾಸಿಟರಿಯ ವಿಳಾಸ, ಯಾವ ಲಾಡ್ಜಿಗೆಂದು ಮಾಡಿದ್ದು, ಯಾವ ತಾರೀಖಿನ ತೆರಿಗೆ ದರದ ಪ್ರಕಾರ ಲೆಕ್ಕ ಹಾಕುತ್ತದೆ. ಆದರೆ ಪಾಸ್‌ವರ್ಡ್, ಡೇಟಾಬೇಸಿನ ಗುಟ್ಟು ಅಲ್ಲಿ ಖಂಡಿತ ಬೇಡ, ಆ ಫೈಲ್ ಸಿಕ್ಕವರೆಲ್ಲ ಅದನ್ನು ಓದಬಲ್ಲರು. ಲಾಡ್ಜಿನ ಮಾಲೀಕರೂ ಕೊನೆಯ ಕಂತು ಕೊಡುವ ಮುಂಚೆ ಒಮ್ಮೆ ಪ್ರಾಪರ್ಟೀಸ್ ತೆರೆಯಿಸಿ ನೋಡಲಿ. ಆವೃತ್ತಿಯ ನಂಬರ್ ಬಿಲ್ಲಿನ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣವಾಗಲಿ ಎಂದು ಕೇಳಲಿ, ಅದಕ್ಕೆ ಬೇಕಾಗುವುದು ಒಂದೇ ಸಾಲಿನ ಕೋಡ್. ರಿಪಾಸಿಟರಿಯ ಖಾತೆ ಹುಡುಗನ ಸ್ವಂತ ಇಮೇಲಿನಲ್ಲಿ ಬೇಡ. ಲಾಡ್ಜಿನ ಹೆಸರಿನಲ್ಲೇ ಒಂದು ತೆರೆಸಿ, ಅದರ ಕೀಲಿ ಹುಡುಗನ ಬಳಿಯೂ ಮಾಲೀಕರ ಬಳಿಯೂ ಇರಲಿ.